ಕ್ರೋಮ್‌ನಲ್ಲಿ ತೆರೆಯುತ್ತದೆ, ಪೇರೋಲ್‌ನಲ್ಲಿ ಇಲ್ಲ: ಸರ್ಟಿಫಿಕೇಟಿನ ಕೊಂಡಿ ಎಲ್ಲಿ ಕಳಚಿದೆ?

ಪ್ರಶ್ನೆ: ನಮ್ಮದು ಮುನ್ನೂರು ಜನರಿರುವ ಕಂಪನಿ. ಹಾಜರಿ, ರಜೆ, ಸಂಬಳದ ಚೀಟಿ ಎಲ್ಲಕ್ಕೂ ಒಂದೇ ವೆಬ್ ಅಪ್ಲಿಕೇಶನ್. ಸರ್ವರ್ ಕ್ಲೌಡ್‌ನಲ್ಲಿದೆ. ಹೋದ ವಾರ, ಸರ್ವರ್ ನಮ್ಮದೇ ಎಂದು ಬ್ರೌಸರ್‌ಗೆ ತೋರಿಸುವ ಎಸ್‌ಎಸ್‌ಎಲ್ ಸರ್ಟಿಫಿಕೇಟ್ ರಿನ್ಯೂ ಆಯಿತು. ಅಂದಿನಿಂದ ಹೆಚ್ಚಿನ ಪಿಸಿಗಳ ಕ್ರೋಮ್‌ನಲ್ಲಿ ಏನೂ ತೊಂದರೆಯಿಲ್ಲ, ಆದರೆ ಆ್ಯಂಡ್ರಾಯ್ಡ್ ಆ್ಯಪ್‌ನಲ್ಲಿ ಲಾಗಿನ್ ಆಗುತ್ತಿಲ್ಲ. ಜಾವಾದಲ್ಲಿ ಬರೆದ ಪೇರೋಲ್ ಪ್ರೋಗ್ರಾಂ ಹಾಜರಿ ಎಳೆದುಕೊಳ್ಳಲು ಹೋದರೆ ‘ಪಿಕೆಐಎಕ್ಸ್ ಪಾತ್ ಬಿಲ್ಡಿಂಗ್ ಫೇಲ್ಡ್’ ಎನ್ನುತ್ತದೆ. ಅಕೌಂಟ್ಸ್ ವಿಭಾಗದ ಮೂರು ಪಿಸಿಗಳಲ್ಲಿ ಮಾತ್ರ ಕ್ರೋಮ್ ಕೂಡ ಕೆಂಪು ತ್ರಿಕೋನ ತೋರಿಸಿ ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಎನ್ನುತ್ತಿದೆ. ವೆಂಡರ್ ಕೇಳಿದರೆ, ‘ಸರ್ವರ್ ಸರಿಯಾಗಿದೆ, ನನ್ನ ಬ್ರೌಸರ್‌ನಲ್ಲಿ ತೆರೆಯುತ್ತಿದೆ. ಅಡ್ವಾನ್ಸ್‌ಡ್ ಒತ್ತಿ ಮುಂದೆ ಹೋಗಲು ಹೇಳಿ, ಜಾವಾದಲ್ಲಿ ನಾವು ಪರಿಶೀಲನೆ ತೆಗೆದುಹಾಕುತ್ತೇವೆ, ಅದೂ ಬೇಡವಾದರೆ ಸರ್ಟಿಫಿಕೇಟನ್ನು ಎಲ್ಲ ಪಿಸಿ, ಫೋನುಗಳಲ್ಲಿ ಇನ್‌ಸ್ಟಾಲ್ ಮಾಡಿ’ ಎನ್ನುತ್ತಾರೆ. ಸಂಬಳದ ದಿನ ಹತ್ತಿರ ಬಂತು. ಏನು ಮಾಡಲಿ?

ಉತ್ತರ: ವೆಂಡರ್ ಹೇಳಿದ ಮೂರರಲ್ಲಿ ಒಂದನ್ನೂ ಮಾಡಬೇಡಿ. ಏಕೆಂದು ಆಮೇಲೆ ಹೇಳುತ್ತೇನೆ. ನೀವು ಬರೆದ ಲಕ್ಷಣಗಳನ್ನು ನೋಡಿದರೆ ಹೊಸ ಸರ್ಟಿಫಿಕೇಟ್ ಸರಿಯಾಗಿಯೇ ಇದೆ, ಅದರ ಜೊತೆ ಹೋಗಬೇಕಾದ ಇನ್ನೊಂದು ಸರ್ಟಿಫಿಕೇಟನ್ನು ಸರ್ವರ್ ಕಳಿಸುತ್ತಿಲ್ಲ ಎಂದೇ ತೋರುತ್ತದೆ. ಹಾಗಿದ್ದರೆ ದುರಸ್ತಿ ಹತ್ತು ನಿಮಿಷದ ಕೆಲಸ, ಅದೂ ಸರ್ವರ್‌ನಲ್ಲಿ ಮಾತ್ರ.

ನೀವು ಯಾವಾಗಲಾದರೂ ಮನೆ ಕಟ್ಟಲು ಸೈಟು ಕೊಂಡಿದ್ದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮಾರುವವನ ಹೆಸರಿನ ಕ್ರಯಪತ್ರ ಒಂದೇ ತೋರಿಸಿದರೆ ಲಾಯರು ಒಪ್ಪುವುದಿಲ್ಲ. ಅವನಿಗೆ ಯಾರು ಮಾರಿದರು, ಅವರಿಗೆ ಯಾರು ಮಾರಿದರು ಎಂದು ಮೂಲಪತ್ರದವರೆಗೂ ಕೊಂಡಿ ಕೂಡಬೇಕು. ನಡುವಿನ ಒಂದು ಪತ್ರ ಇಲ್ಲದಿದ್ದರೆ ಮೊದಲನೆಯದೂ ಕೊನೆಯದೂ ಎಷ್ಟೇ ಅಸಲಿಯಾಗಿದ್ದರೂ ಫೈಲು ವಾಪಸ್. ಸರ್ಟಿಫಿಕೇಟಿನ ಕತೆಯೂ ಇದೇ. ನಿಮ್ಮ ಸರ್ವರ್‌ನ ಸರ್ಟಿಫಿಕೇಟಿಗೆ ಸಹಿ ಹಾಕಿದ್ದು ಒಂದು ಇಂಟರ್‌ಮೀಡಿಯೆಟ್ ಸರ್ಟಿಫಿಕೇಟ್, ಅದಕ್ಕೆ ಸಹಿ ಹಾಕಿದ್ದು ರೂಟ್, ಅಂದರೆ ಮೂಲಪತ್ರ. ರೂಟ್‌ಗಳ ಪಟ್ಟಿ ಬ್ರೌಸರ್, ಫೋನು, ಜಾವಾ ಎಲ್ಲದರಲ್ಲೂ ಮೊದಲೇ ಇರುತ್ತದೆ. ನಡುವಿನ ಇಂಟರ್‌ಮೀಡಿಯೆಟನ್ನು ಮಾತ್ರ ಪ್ರತಿ ಸಲ ಸರ್ವರೇ ತನ್ನ ಸರ್ಟಿಫಿಕೇಟಿನ ಜೊತೆ ಕಳಿಸಬೇಕು.

ಕಳಿಸದಿದ್ದರೆ? ಇಲ್ಲೇ ನಿಮ್ಮ ಗೊಂದಲವೆಲ್ಲ ಹುಟ್ಟಿರುವುದು. ಕ್ರೋಮ್ ಉಪಕಾರಿ ಲಾಯರಿನಂತೆ. ನಡುವಿನ ಪತ್ರ ಇಲ್ಲವೆಂದರೆ ಅದು ಎಲ್ಲಿ ಸಿಗುತ್ತದೆಂದು ಸರ್ಟಿಫಿಕೇಟಿನ ಒಳಗೇ ಬರೆದಿರುವ ವಿಳಾಸಕ್ಕೆ ತಾನೇ ಹೋಗಿ ತಂದುಕೊಳ್ಳುತ್ತದೆ, ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ನಕಲು ತೆಗೆಸಿದ ಹಾಗೆ. ಬೇರೆ ಯಾವುದೋ ವೆಬ್‌ಸೈಟಿಗೆ ಹೋದಾಗ ಸಿಕ್ಕ ಪ್ರತಿ ಕೈಯಲ್ಲಿದ್ದರೆ ಅಷ್ಟು ದೂರವೂ ಹೋಗುವುದಿಲ್ಲ. ಫೈರ್‌ಫಾಕ್ಸ್ ಹಾಗೆ ಹೋಗಿ ತರುವುದಿಲ್ಲ, ಗೊತ್ತಿರುವ ಇಂಟರ್‌ಮೀಡಿಯೆಟ್‌ಗಳ ಪ್ರತಿಯನ್ನು ಮುಂಚೆಯೇ ಇಳಿಸಿಕೊಂಡು ಇಟ್ಟಿರುತ್ತದೆ. ಜಾವಾ ಮತ್ತು ಆ್ಯಂಡ್ರಾಯ್ಡ್ ಆ್ಯಪ್‌ಗಳು ಬ್ಯಾಂಕಿನ ಖಡಕ್ ಅಧಿಕಾರಿಯ ಥರ. ಪತ್ರ ಫೈಲಿನಲ್ಲಿ ಇದೆಯೋ ಇಲ್ಲವೋ, ಅಷ್ಟೇ ಪ್ರಶ್ನೆ. ಇಲ್ಲವೆಂದರೆ ‘ಪಾತ್ ಬಿಲ್ಡಿಂಗ್ ಫೇಲ್ಡ್’. ಆ ಮಾತಿನ ಅರ್ಥವೇ ಮೂಲದವರೆಗೆ ದಾರಿ ಕೂಡಿಸಲಾಗಲಿಲ್ಲ ಎಂದು.

ಹಾಗಾಗಿ ‘ನನ್ನ ಬ್ರೌಸರ್‌ನಲ್ಲಿ ತೆರೆಯುತ್ತಿದೆ’ ಎಂಬ ವೆಂಡರ್ ಮಾತು ಸುಳ್ಳಲ್ಲ, ಆದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಕ್ರೋಮ್‌ನಲ್ಲಿ ಸರ್ಟಿಫಿಕೇಟ್ ವ್ಯೂವರ್ ತೆರೆದು ‘ನೋಡಿ, ಮೂರೂ ಇವೆ’ ಎಂದು ಸ್ಕ್ರೀನ್‌ಶಾಟ್ ಕಳಿಸುವವರೂ ಇದ್ದಾರೆ. ಅಲ್ಲಿ ಕಾಣುವುದು ಕ್ರೋಮ್ ತಾನಾಗಿ ಜೋಡಿಸಿಕೊಂಡ ಸರಪಳಿ, ಸರ್ವರ್ ಕಳಿಸಿದ್ದು ಅಲ್ಲ.

ಸರ್ವರ್ ಏನು ಕಳಿಸುತ್ತಿದೆ ಎಂದು ನೋಡಲು ಓಪನ್‌ಎಸ್‌ಎಸ್‌ಎಲ್ ಎಂಬ ಪ್ರೋಗ್ರಾಂ ಬೇಕು. ವಿಂಡೋಸ್‌ನಲ್ಲಿ ಗಿಟ್ ಹಾಕಿಕೊಂಡಿದ್ದರೆ ಅದರ ಜೊತೆಗೇ ಬಂದಿರುತ್ತದೆ. ಅದರ ಎಸ್-ಕ್ಲೈಂಟ್ ಆಜ್ಞೆಯನ್ನು ‘ಕನೆಕ್ಟ್’, ‘ಸರ್ವರ್‌ನೇಮ್’, ‘ಶೋಸರ್ಟ್ಸ್’ ಎಂಬ ಮೂರು ಆಯ್ಕೆಗಳೊಂದಿಗೆ ಓಡಿಸಿ. ಕನೆಕ್ಟ್‌ಗೆ ನಿಮ್ಮ ಡೊಮೇನ್ ಮತ್ತು 443 ಪೋರ್ಟ್, ಸರ್ವರ್‌ನೇಮ್‌ಗೆ ಮತ್ತೆ ಅದೇ ಡೊಮೇನ್. ಈ ಎರಡನೆಯದನ್ನು ಮರೆಯಬೇಡಿ. ಒಂದೇ ಐಪಿಯಲ್ಲಿ ಹತ್ತು ಸೈಟುಗಳಿದ್ದರೆ, ಹೆಸರು ಹೇಳದೆ ಹೋದವರಿಗೆ ಸರ್ವರ್ ಯಾವುದೋ ಬೇರೆ ಸರ್ಟಿಫಿಕೇಟ್ ಕೊಟ್ಟು ನಿಮ್ಮ ಅರ್ಧ ದಿನ ಹಾಳು ಮಾಡುತ್ತದೆ. ಇನ್ನೊಂದು ಮಾತು: ಇದನ್ನು ಒಮ್ಮೆ ಆಫೀಸ್ ನೆಟ್‌ವರ್ಕ್‌ನಿಂದ, ಒಮ್ಮೆ ಫೋನಿನ ಹಾಟ್‌ಸ್ಪಾಟ್‌ನಿಂದ, ಹೀಗೆ ಎರಡು ಸಲ ಮಾಡಿ. ಕಾರಣ ಮುಂದೆ ಬರುತ್ತದೆ.

ಬರುವ ಉತ್ತರದಲ್ಲಿ ‘ಸರ್ಟಿಫಿಕೇಟ್ ಚೈನ್’ ಎಂಬ ಕಡೆ 0, 1, 2 ಎಂದು ಸಾಲುಗಳಿರುತ್ತವೆ. ಪ್ರತಿ ಸಾಲಿನಲ್ಲೂ ಇದು ಯಾರದು, ಸಹಿ ಯಾರದು ಎಂಬ ಎರಡು ವಿವರ. ಸೊನ್ನೆಯ ಸಾಲಿನ ಸಹಿದಾರ ಯಾರೋ, ಒಂದನೇ ಸಾಲು ಅವರದೇ ಆಗಿರಬೇಕು. ನಿಮ್ಮಲ್ಲಿ 0 ಮಾತ್ರ ಇದ್ದು ಅಲ್ಲಿಗೇ ಮುಗಿದಿರುತ್ತದೆ ಎಂಬುದು ನನ್ನ ಊಹೆ. ಕೊನೆಯಲ್ಲಿ ‘ವೆರಿಫೈ ರಿಟರ್ನ್ ಕೋಡ್’ ನೋಡಿ. 21 ಬಂದರೆ ನನ್ನ ಊಹೆ ಸರಿ, ಕೊಂಡಿ ತಪ್ಪಿದೆ. 10 ಬಂದರೆ ಸರಪಳಿಯಲ್ಲಿ ಯಾವುದೋ ಒಂದರ ಅವಧಿ ಮುಗಿದಿದೆ. 18 ಎಂದರೆ ಸರ್ವರ್ ತನಗೆ ತಾನೇ ಸಹಿ ಹಾಕಿಕೊಂಡ ಸರ್ಟಿಫಿಕೇಟ್ ಕೊಡುತ್ತಿದೆ. 19 ಎಂದರೆ ಸರಪಳಿ ಪೂರ್ತಿ ಬಂದಿದೆ, ಅದರ ತುದಿಯ ರೂಟ್ ನಿಮ್ಮ ಪಟ್ಟಿಯಲ್ಲಿ ಇಲ್ಲ. 0 ಎಂದರೆ ಎಲ್ಲ ಸರಿ. ವೆಂಡರ್ ಜೊತೆ ವಾದ ಮಾಡುವುದಕ್ಕಿಂತ ಈ ಸಂಖ್ಯೆ ಇರುವ ಪುಟವನ್ನು ಕಳಿಸಿದರೆ ಕೆಲಸ ಬೇಗ ಆಗುತ್ತದೆ. ಸೈಟು ಇಂಟರ್‌ನೆಟ್‌ನಿಂದ ಸಿಗುವಂತಿದ್ದರೆ ಎಸ್‌ಎಸ್‌ಎಲ್ ಲ್ಯಾಬ್ಸ್ ಪರೀಕ್ಷೆಯೂ ಸರಪಳಿ ಅಪೂರ್ಣ ಎಂದು ಹೇಳಿಬಿಡುತ್ತದೆ.

ದುರಸ್ತಿ ಹೀಗೆ. ಸರ್ವರ್‌ನಲ್ಲಿ ಓಡುವ ವೆಬ್ ಪ್ರೋಗ್ರಾಂ ಎನ್‌ಜಿನ್‌ಎಕ್ಸ್ ಆಗಿದ್ದರೆ ಸರ್ಟಿಫಿಕೇಟ್ ಫೈಲಿನಲ್ಲಿ ಮೊದಲು ಸರ್ವರ್‌ನದು, ಅದರ ಕೆಳಗೆ ಇಂಟರ್‌ಮೀಡಿಯೆಟ್ ಅಂಟಿಸಿರಬೇಕು. ಇದೇ ಕ್ರಮದಲ್ಲಿ. ತಿರುಗಾಮುರುಗಾ ಆದರೆ ಕೀ ಹೊಂದುತ್ತಿಲ್ಲ ಎಂದು ಎನ್‌ಜಿನ್‌ಎಕ್ಸ್ ಏಳುವುದೇ ಇಲ್ಲ. ಪುಕ್ಕಟೆ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಬಳಸುವವರು ಮಾಡುವ ಮಾಮೂಲಿ ತಪ್ಪೆಂದರೆ ‘ಫುಲ್‌ಚೈನ್’ ಎಂಬ ಫೈಲಿನ ಬದಲು ‘ಸರ್ಟ್’ ಎಂಬ ಫೈಲನ್ನು ತೋರಿಸುವುದು. ಎರಡೂ ಒಂದೇ ಫೋಲ್ಡರ್‌ನಲ್ಲಿ ಅಕ್ಕಪಕ್ಕ ಕೂತಿರುತ್ತವೆ, ಹೆಸರು ನೋಡಿದರೆ ‘ಸರ್ಟ್’ ಎನ್ನುವುದೇ ಸರಿಯೆಂದು ಯಾರಿಗಾದರೂ ಅನ್ನಿಸುತ್ತದೆ. ಅಪಾಚೆಯಲ್ಲಿ 2.4.8ರಿಂದ ಈಚೆಗೆ ಸರಪಳಿಗೆ ಬೇರೆ ಫೈಲು ಬೇಡ, ಇದೇ ರೀತಿ ಒಂದರಲ್ಲೇ ಜೋಡಿಸಬಹುದು. ಮೈಕ್ರೋಸಾಫ್ಟ್‌ನ ಐಐಎಸ್ ಆದರೆ ಇಂಟರ್‌ಮೀಡಿಯೆಟನ್ನು ಕಂಪ್ಯೂಟರ್ ಖಾತೆಯ ಸರ್ಟಿಫಿಕೇಟ್ ಸ್ಟೋರ್‌ಗೆ ಹಾಕಬೇಕು. ಲಾಗಿನ್ ಆದ ಅಡ್ಮಿನ್‌ನ ಸ್ವಂತ ಸ್ಟೋರ್‌ಗೆ ಹಾಕಿ ‘ಹಾಕಿದ್ದೇನಲ್ಲ’ ಎನ್ನುವವರು ಬಹಳ. ರೂಟನ್ನು ಕಳಿಸುವ ಅಗತ್ಯವಿಲ್ಲ, ಎದುರಿನವರ ಹತ್ತಿರ ಅದು ಇದ್ದೇ ಇರಬೇಕು.

ಫೈಲು ಸರಿಮಾಡಿದ ಮೇಲೆ ರೀಲೋಡ್ ಮಾಡಿಸಿ. ಸರ್ವರ್ ಮುಂದೆ ಸಂಚಾರ ಹಂಚುವ ಲೋಡ್ ಬ್ಯಾಲೆನ್ಸರ್ ಇದ್ದರೆ ಹೊರಗಿನವರಿಗೆ ಕಾಣುವ ಸರ್ಟಿಫಿಕೇಟ್ ಸಾಮಾನ್ಯವಾಗಿ ಅದರಲ್ಲಿರುತ್ತದೆ, ಆಗ ಹಿಂದಿನ ಸರ್ವರ್‌ನಲ್ಲಿ ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ. ಅದು ಸಂಚಾರವನ್ನು ಬಿಚ್ಚದೆ ಹಿಂದಿನ ನಾಲ್ಕು ಸರ್ವರ್‌ಗಳಿಗೆ ಹಾಗೇ ದಾಟಿಸುತ್ತಿದ್ದು, ಅವುಗಳಲ್ಲಿ ಒಂದು ಮಾತ್ರ ರೀಲೋಡ್ ಆಗದೆ ಉಳಿದರೆ ದೋಷ ಒಮ್ಮೆ ಕಾಣುತ್ತದೆ, ಒಮ್ಮೆ ಮಾಯ. ದೆವ್ವ ಹೊಕ್ಕಿದೆಯೇನೋ ಅನ್ನಿಸುವ ಕೇಸುಗಳಲ್ಲಿ ಹೆಚ್ಚಿನವು ಇಂಥವೇ.

ಹಿಂದಿನ ವರ್ಷ ಇದೇ ವಿಧಾನದಲ್ಲಿ ರಿನ್ಯೂ ಮಾಡಿದಾಗ ಏನೂ ಆಗಿರಲಿಲ್ಲವಲ್ಲ ಎಂದು ನೀವು ಕೇಳಬಹುದು. ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳು ಇಂಟರ್‌ಮೀಡಿಯೆಟನ್ನು ಆಗಾಗ ಬದಲಿಸುತ್ತವೆ. ಲೆಟ್ಸ್ ಎನ್‌ಕ್ರಿಪ್ಟ್ 2024ರ ಜೂನ್‌ನಲ್ಲಿ ಹಳೆಯ ಆರ್3 ಬಿಟ್ಟು ಆರ್10, ಆರ್11ಗಳಿಂದ ಸಹಿ ಹಾಕಲು ಶುರುಮಾಡಿತು. ಹಳೆಯ ಇಂಟರ್‌ಮೀಡಿಯೆಟ್ ಫೈಲನ್ನು ಹಾಗೇ ಬಿಟ್ಟು ಸರ್ವರ್‌ನ ಸರ್ಟಿಫಿಕೇಟನ್ನಷ್ಟೇ ಬದಲಿಸಿದವರ ಸರಪಳಿ ಅಲ್ಲಿಗೇ ಕಳಚಿತು. ನಿಮ್ಮ ಎಸ್-ಕ್ಲೈಂಟ್ ಉತ್ತರದಲ್ಲಿ ಒಂದನೇ ಸಾಲು ಇದ್ದೂ 21 ಬಂದರೆ ಆ ಸಾಲಿನ ಹೆಸರನ್ನು ಚೆನ್ನಾಗಿ ಓದಿ. ಹೋದ ವರ್ಷದ್ದೇ ಇರಬಹುದು.

ಇನ್ನು ಅಕೌಂಟ್ಸ್‌ನ ಮೂರು ಪಿಸಿಗಳು. ನೀವು ಕೆಂಪು ತ್ರಿಕೋನದ ಬಗ್ಗೆ ಬರೆದಿದ್ದೀರಿ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವ ಕೋಡ್ ಬರೆದಿಲ್ಲ. ಎಲ್ಲರೂ ಬಿಡುವುದು ಅದನ್ನೇ, ಬೇಕಾಗಿರುವುದೂ ಅದೇ. ‘ಡೇಟ್ ಇನ್‌ವ್ಯಾಲಿಡ್’ ಎಂದಿದ್ದರೆ ಆ ಪಿಸಿಯ ಗಡಿಯಾರ ನೋಡಿ. ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ಸತ್ತರೆ ಪಿಸಿ ಯಾವುದೋ ಹಳೆಯ ವರ್ಷಕ್ಕೆ ಹೋಗಿ ಕೂತಿರುತ್ತದೆ, ಆಗ ನಿಮ್ಮ ಸೈಟು ಮಾತ್ರವಲ್ಲ ಯಾವ ಸೈಟೂ ತೆರೆಯುವುದಿಲ್ಲ. ‘ಕಾಮನ್ ನೇಮ್ ಇನ್‌ವ್ಯಾಲಿಡ್’ ಎಂದಿದ್ದರೆ ತೆರೆದ ವಿಳಾಸ ಸರ್ಟಿಫಿಕೇಟಿನಲ್ಲಿರುವ ಹೆಸರಿಗೆ ಹೊಂದುತ್ತಿಲ್ಲ, ಅವರು ಹಳೆಯ ಬುಕ್‌ಮಾರ್ಕ್‌ನಿಂದ, ಬಹುಶಃ ಐಪಿ ವಿಳಾಸದಿಂದ ತೆರೆಯುತ್ತಿದ್ದಾರೆ. ‘ಅಥಾರಿಟಿ ಇನ್‌ವ್ಯಾಲಿಡ್’ ಎಂದಿದ್ದರೆ ಅದೇ ಪುಟದಿಂದ ಸರ್ಟಿಫಿಕೇಟ್ ತೆರೆದು ಅದನ್ನು ಕೊಟ್ಟವರು ಯಾರೆಂದು ಓದಿ. ಅಲ್ಲಿಂದ ದಾರಿ ಎರಡಾಗುತ್ತದೆ.

ನೀವು ದುಡ್ಡು ಕೊಟ್ಟು ಕೊಂಡ ಸಂಸ್ಥೆಯ ಹೆಸರೇ ಅಲ್ಲಿದ್ದರೆ, ಕಾಯಿಲೆ ಮೇಲೆ ಹೇಳಿದ್ದೇ. ಅಕೌಂಟ್ಸ್‌ನವರಿಗೆ ಆಯ್ದ ನಾಲ್ಕಾರು ಸೈಟುಗಳಿಗೆ ಮಾತ್ರ ಇಂಟರ್‌ನೆಟ್ ಬಿಟ್ಟಿರುವ ಕಂಪನಿಗಳು ಬಹಳ. ಕ್ರೋಮ್ ಇಂಟರ್‌ಮೀಡಿಯೆಟ್ ತರಲು ಹೊರಡುವುದು ಸಾದಾ ಎಚ್‌ಟಿಟಿಪಿ ವಿಳಾಸಕ್ಕೆ, ಅಂದರೆ 80ನೇ ಪೋರ್ಟ್‌ಗೆ. ಆ ಬಾಗಿಲು ಮುಚ್ಚಿದ್ದರೆ ಉಪಕಾರಿ ಲಾಯರೂ ಕೈಚೆಲ್ಲುತ್ತಾನೆ. ನನಗೆ ಇದೇ ಇರಬಹುದು ಅನ್ನಿಸುತ್ತದೆ. ಸರ್ವರ್ ಸರಿಯಾದ ಕೂಡಲೇ ಆ ಮೂರೂ ತಾವಾಗಿಯೇ ಸರಿಹೋಗುತ್ತವೆ.

ಅಲ್ಲಿ ನಿಮ್ಮ ಫೈರ್‌ವಾಲ್‌ನ ಹೆಸರೋ ನಿಮ್ಮ ಕಂಪನಿಯ ಹೆಸರೋ ಇದ್ದರೆ ಕತೆ ಬೇರೆ. ಎಚ್‌ಟಿಟಿಪಿಎಸ್ ಸಂಚಾರವನ್ನು ಫೈರ್‌ವಾಲ್ ನಡುವೆ ಬಿಚ್ಚಿ ನೋಡುತ್ತಿದೆ. ಬಿಚ್ಚಿದ್ದನ್ನು ಮತ್ತೆ ಮುಚ್ಚುವಾಗ ತನ್ನದೇ ಸಹಿಯ ಸರ್ಟಿಫಿಕೇಟ್ ಅಂಟಿಸುತ್ತದೆ. ಕಂಪನಿಯ ಪಿಸಿಗಳಿಗೆ ಆ ಫೈರ್‌ವಾಲ್‌ನ ರೂಟನ್ನು ಗ್ರೂಪ್ ಪಾಲಿಸಿಯಿಂದ ಮೊದಲೇ ಹಂಚಿರುವುದರಿಂದ ಅವು ಒಪ್ಪುತ್ತವೆ. ಈಚೆಗೆ ಫಾರ್ಮ್ಯಾಟ್ ಆಗಿ ಇನ್ನೂ ಕಂಪನಿಯ ವಿಂಡೋಸ್ ಡೊಮೇನ್‌ಗೆ ಸೇರದ ಪಿಸಿಗಳಿಗೆ ಆ ರೂಟ್ ತಲುಪಿರುವುದಿಲ್ಲ. ಹಾಟ್‌ಸ್ಪಾಟ್‌ನಿಂದಲೂ ಒಮ್ಮೆ ಪರೀಕ್ಷಿಸಿ ಎಂದಿದ್ದು ಇದಕ್ಕೇ. ಒಳಗಿನಿಂದ ಒಬ್ಬರ ಸಹಿ, ಹೊರಗಿನಿಂದ ಇನ್ನೊಬ್ಬರ ಸಹಿ ಕಂಡರೆ ನಡುವೆ ಯಾರೋ ಇದ್ದಾರೆ ಎಂದರ್ಥ. ಅದು ನಿಮ್ಮ ಫೈರ್‌ವಾಲೇ ಎಂದು ಅದನ್ನು ನೋಡಿಕೊಳ್ಳುವವರನ್ನು ಕೇಳಿ ಖಚಿತಮಾಡಿಕೊಳ್ಳಿ. ಖಚಿತವಾಗುವ ಮುಂಚೆ ಆ ಪಿಸಿಗಳಲ್ಲಿ ಯಾರೂ ಪಾಸ್‌ವರ್ಡ್ ಹಾಕಬಾರದು.

ಹೀಗೆ ನಡುವೆ ಕೂರುವವರು ಯಾವಾಗಲೂ ನಮ್ಮವರೇ ಆಗಿರುವುದಿಲ್ಲ. ನಮ್ಮ ದೇಶದ್ದೇ ಉದಾಹರಣೆ ಇದೆ. 2014ರ ಜುಲೈನಲ್ಲಿ ಕೇಂದ್ರ ಸರ್ಕಾರದ ಐಟಿ ಸಂಸ್ಥೆಯಾದ ಎನ್‌ಐಸಿಯ ಸರ್ಟಿಫಿಕೇಟ್ ವ್ಯವಸ್ಥೆಯಿಂದ ಗೂಗಲ್‌ನ ಡೊಮೇನ್‌ಗಳಿಗೆ ಅನಧಿಕೃತ ಸರ್ಟಿಫಿಕೇಟ್‌ಗಳು ಹೊರಬಿದ್ದಿರುವುದನ್ನು ಗೂಗಲ್ ಪತ್ತೆಹಚ್ಚಿತು. ಎನ್‌ಐಸಿಯ ಮೇಲಿದ್ದ ಭಾರತದ ಸಿಸಿಎ (ಸರ್ಟಿಫಿಕೇಟ್ ಸಂಸ್ಥೆಗಳ ಸರ್ಕಾರಿ ನಿಯಂತ್ರಕರು) ರೂಟ್ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿತ್ತು, ಹಾಗಾಗಿ ವಿಂಡೋಸ್‌ನ ಬಹುತೇಕ ಪ್ರೋಗ್ರಾಂಗಳು ಅವನ್ನು ನಂಬುತ್ತಿದ್ದವು. ಫೈರ್‌ಫಾಕ್ಸ್ ತನ್ನದೇ ಪಟ್ಟಿ ಇಟ್ಟುಕೊಂಡಿದ್ದರಿಂದ ಅದಕ್ಕೆ ತಟ್ಟಲಿಲ್ಲ. ಯಾರ ಪಟ್ಟಿಯಲ್ಲಿ ಯಾರಿದ್ದಾರೆ ಎಂಬುದು ಎಷ್ಟು ದೊಡ್ಡ ವಿಷಯ ಎಂದು ಇದರಿಂದ ಗೊತ್ತಾಗುತ್ತದೆ. ಯಾರೋ ಇಮೇಲ್‌ನಲ್ಲಿ ಕಳಿಸಿದ ರೂಟನ್ನು ಮುನ್ನೂರು ಪಿಸಿಗಳಿಗೆ ಹಾಕುವ ಮುಂಚೆ ನಾನು ಎರಡು ಸಲ ಯೋಚಿಸುವುದು ಇದಕ್ಕೇ.

ಪೇರೋಲ್‌ಗೆ ಬರೋಣ. ಸರ್ವರ್ ಸರಿಹೋದ ಮೇಲೆ ಅದೂ ತಾನಾಗಿಯೇ ಓಡಬೇಕು. ಓಡದಿದ್ದರೆ ಜಾವಾದ ವರ್ಷನ್ ನೋಡಿ. ಜಾವಾ ತನ್ನ ರೂಟ್‌ಗಳನ್ನು ‘ಕೇಸರ್ಟ್ಸ್’ ಎಂಬ ಸ್ವಂತ ಫೈಲಿನಲ್ಲಿ ಇಟ್ಟುಕೊಳ್ಳುತ್ತದೆ, ವಿಂಡೋಸ್‌ನ ಪಟ್ಟಿಯನ್ನು ತಾನಾಗಿ ನೋಡುವುದಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್‌ನ ಈಗಿನ ಮುಖ್ಯ ರೂಟ್ ಜಾವಾ 8ರಲ್ಲಿ ಸೇರಿದ್ದು 141ನೇ ಅಪ್‌ಡೇಟ್‌ನಲ್ಲಿ. ಅದಕ್ಕಿಂತ ಹಳೆಯ ಜಾವಾಕ್ಕೆ ಆ ರೂಟ್ ಅಪರಿಚಿತ. ಸರಿಯಾದ ಪರಿಹಾರ ಜಾವಾ ಅಪ್‌ಡೇಟ್ ಮಾಡುವುದು. ಅದು ಆಗದ ಕಡೆ ಜಾವಾ ಜೊತೆ ಬರುವ ಕೀಟೂಲ್‌ನಿಂದ ರೂಟನ್ನು ಕೇಸರ್ಟ್ಸ್‌ಗೆ ಸೇರಿಸಬಹುದು. ಅದರ ಪಾಸ್‌ವರ್ಡ್ ಯಾರೂ ಬದಲಿಸದಿದ್ದರೆ ‘ಚೇಂಜಿಟ್’ ಎಂದೇ ಇರುತ್ತದೆ. ಹೆಸರಿನಲ್ಲೇ ಬದಲಿಸು ಎಂದಿದ್ದರೂ ಬದಲಿಸಿದವರನ್ನು ನಾನಂತೂ ಹೆಚ್ಚು ನೋಡಿಲ್ಲ. ಒಂದು ಎಚ್ಚರಿಕೆ: ಆ ಮೆಷಿನ್‌ನಲ್ಲಿ ಎರಡು ಮೂರು ಜಾವಾಗಳಿರುತ್ತವೆ. ಒಂದಕ್ಕೆ ರೂಟ್ ಸೇರಿಸಿ, ಪ್ರೋಗ್ರಾಂ ಇನ್ನೊಂದರಿಂದ ಓಡುತ್ತಿದ್ದು, ನಾನೊಮ್ಮೆ ಒಂದು ಇಡೀ ಶನಿವಾರ ಕಳೆದುಕೊಂಡಿದ್ದೇನೆ. ಓಡುತ್ತಿರುವ ಪ್ರೋಸೆಸ್ ಯಾವ ಫೋಲ್ಡರ್‌ನಿಂದ ಎದ್ದಿದೆ ಎಂದು ಮೊದಲು ನೋಡಿಕೊಳ್ಳಿ.

ಪೈಥಾನ್, ನೋಡ್ ಪ್ರೋಗ್ರಾಂಗಳಿದ್ದರೆ ಅವೂ ಇದೇ ಜಾತಿ. ಪೈಥಾನ್‌ನ ರಿಕ್ವೆಸ್ಟ್ಸ್ ನೋಡುವುದು ಸರ್ಟಿಫೈ ಎಂಬ ಪ್ಯಾಕೇಜಿನ ಪಟ್ಟಿಯನ್ನು, ನೋಡ್‌ಗೆ ಅದರೊಳಗೇ ಕಟ್ಟಿಕೊಟ್ಟ ಪಟ್ಟಿ. ಒಂದೇ ಮನೆಯಲ್ಲಿ ನಾಲ್ಕು ಒಲೆ. ಫೈರ್‌ವಾಲ್‌ನ ರೂಟನ್ನು ವಿಂಡೋಸ್‌ಗೆ ಹಾಕಿದ ಮಾತ್ರಕ್ಕೆ ಇವಕ್ಕೆ ತಲುಪಿತು ಎಂದುಕೊಳ್ಳಬೇಡಿ.

ಅಪರೂಪದ ಒಂದು ಸಂದರ್ಭವನ್ನೂ ಹೇಳಿಬಿಡುತ್ತೇನೆ. 2020ರ ಮೇ 30ರಂದು ಆ್ಯಡ್‌ಟ್ರಸ್ಟ್ ಎಂಬ ಹಳೆಯ ರೂಟ್‌ನ ಅವಧಿ ಮುಗಿಯಿತು. 2021ರ ಸೆಪ್ಟೆಂಬರ್ 30ರಂದು ಲೆಟ್ಸ್ ಎನ್‌ಕ್ರಿಪ್ಟ್‌ನ ಹಳೆಯ ಆಸರೆಯಾಗಿದ್ದ ಡಿಎಸ್‌ಟಿ ರೂಟ್ ಎಕ್ಸ್3 ಮುಗಿಯಿತು. ಎರಡೂ ಸಲ ಬ್ರೌಸರ್‌ಗಳು ಇನ್ನೊಂದು ದಾರಿ ಹಿಡಿದು ಹೊಸ ರೂಟ್ ತಲುಪಿದವು. ಓಪನ್‌ಎಸ್‌ಎಸ್‌ಎಲ್ 1.0.2 ಮತ್ತು ಅದಕ್ಕಿಂತ ಹಳೆಯವು ಮಾತ್ರ ಸರ್ವರ್ ತೋರಿಸಿದ ಹಳೆಯ ದಾರಿಯಲ್ಲೇ ಹೋಗಿ ಅವಧಿ ಮುಗಿದ ಬಾಗಿಲಿಗೆ ಹಣೆ ಚಚ್ಚಿಕೊಂಡವು. ಸರ್ಟಿಫಿಕೇಟ್ ಹೊಸದು, ದಿನಾಂಕ ಸರಿ, ಬ್ರೌಸರ್ ಸರಿ, ಹಳೆಯ ಲಿನಕ್ಸ್ ಸರ್ವರ್‌ಗಳು ಮಾತ್ರ ಕೈಕೊಟ್ಟಿವೆ ಎಂದರೆ ಸರಪಳಿಯಲ್ಲಿ ಬೇಕಾದ್ದು ಇಲ್ಲವೇ ಎಂದು ನೋಡುವ ಹಾಗೆಯೇ ಬೇಡವಾದ್ದು ಉಳಿದಿದೆಯೇ ಎಂದೂ ನೋಡಬೇಕು.

ಈಗ ವೆಂಡರ್‌ನ ಮೂರು ಸಲಹೆಗಳು. ಜಾವಾದಲ್ಲಿ ಪರಿಶೀಲನೆಯನ್ನೇ ತೆಗೆಯುವುದೆಂದರೆ ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ಆಮೇಲೆ ನಡುವೆ ಯಾರು ಕೂತು ಏನು ಸರ್ಟಿಫಿಕೇಟ್ ಕೊಟ್ಟರೂ ಪೇರೋಲ್ ಒಪ್ಪುತ್ತದೆ. ಮುನ್ನೂರು ಜನರ ಬ್ಯಾಂಕ್ ಖಾತೆಯ ಸಂಖ್ಯೆ ಹರಿಯುವ ದಾರಿ ಅದು. ‘ತಾತ್ಕಾಲಿಕ’ ಎಂದು ಹಾಕಿದ ಇಂಥ ಸಾಲನ್ನು ಯಾರೂ ಮತ್ತೆ ತೆಗೆಯುವುದಿಲ್ಲ. ಐದು ವರ್ಷದ ಹಿಂದಿನ ‘ತಾತ್ಕಾಲಿಕ’ಗಳನ್ನು ಆಡಿಟ್‌ನಲ್ಲಿ ಕಂಡಿದ್ದೇನೆ.

ಅಡ್ವಾನ್ಸ್‌ಡ್ ಒತ್ತಿ ಮುಂದೆ ಹೋಗುವುದು ಇದಕ್ಕಿಂತ ಕೆಟ್ಟದ್ದು ಎನ್ನುತ್ತೇನೆ, ಅನೇಕರು ಒಪ್ಪಲಿಕ್ಕಿಲ್ಲ. ಕೋಡಿನಲ್ಲಿರುವ ತಪ್ಪನ್ನು ತಿದ್ದಬಹುದು. ಕೆಂಪು ಪುಟ ಬಂದರೆ ದಾಟಿ ಹೋಗಬೇಕು ಎಂದು ಐಟಿ ವಿಭಾಗವೇ ಕಲಿಸಿದರೆ ಆ ಅಭ್ಯಾಸವನ್ನು ಬಿಡಿಸುವುದು ಕಷ್ಟ. ನಾಳೆ ಬ್ಯಾಂಕಿನ ಸೈಟಿನಲ್ಲಿ ಅದೇ ಪುಟ ಬಂದಾಗಲೂ ಅವರು ಅದನ್ನೇ ಮಾಡುತ್ತಾರೆ.

ಎಲ್ಲ ಪಿಸಿಗಳಲ್ಲೂ ಸರ್ಟಿಫಿಕೇಟ್ ಹಾಕುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಫೋನುಗಳಲ್ಲಂತೂ ಕೆಲಸವೇ ಮಾಡುವುದಿಲ್ಲ: ಆ್ಯಂಡ್ರಾಯ್ಡ್ 7ರಿಂದ ಈಚೆಗೆ, ಬಳಕೆದಾರರು ತಾವಾಗಿ ಹಾಕಿಕೊಂಡ ರೂಟನ್ನು ಆ್ಯಪ್‌ಗಳು ತಮ್ಮಷ್ಟಕ್ಕೆ ನಂಬುವುದಿಲ್ಲ, ಆ್ಯಪ್ ಬರೆದವರು ಬೇರೆಯಾಗಿ ಅನುಮತಿ ಕೊಟ್ಟಿರಬೇಕು. ಜೊತೆಗೆ ಹಾಗೆ ಹಾಕಿದ ಸರ್ಟಿಫಿಕೇಟ್ ಮುಂದಿನ ರಿನ್ಯೂವರೆಗೆ ಮಾತ್ರ. ಆ ಅವಧಿಯೂ ಕುಗ್ಗುತ್ತಿದೆ. 2020ರ ಸೆಪ್ಟೆಂಬರ್‌ನಿಂದ ಗರಿಷ್ಠ 398 ದಿನ ಇದ್ದದ್ದು, ಬ್ರೌಸರ್‌ನವರೂ ಸರ್ಟಿಫಿಕೇಟ್ ಸಂಸ್ಥೆಗಳೂ 2025ರಲ್ಲಿ ಒಪ್ಪಿದ ವೇಳಾಪಟ್ಟಿಯಂತೆ 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100, 2029ರ ಮಾರ್ಚ್ 15ರಿಂದ ಬರೀ 47. ಒಂದೂವರೆ ತಿಂಗಳಿಗೊಮ್ಮೆ ಮುನ್ನೂರು ಪಿಸಿ ಸುತ್ತುವವರು ಯಾರು? ರಿನ್ಯೂ ಮಾಡುವುದು, ಸರಪಳಿ ಸಮೇತ ಜಾಗಕ್ಕೆ ಕೂರಿಸುವುದು, ರೀಲೋಡ್ ಮಾಡುವುದು, ಮೂರೂ ಸ್ಕ್ರಿಪ್ಟ್‌ನಿಂದ ಆಗುವಂತೆ ವೆಂಡರ್‌ನ ಮುಂದಿನ ಕರಾರಿನಲ್ಲಿ ಬರೆಸಿಕೊಳ್ಳಿ.

ಆಫೀಸ್ ಒಳಗೆ ಮಾತ್ರ ಓಡುವ ಸರ್ವರ್‌ಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ‘ಎಚ್‌ಆರ್‌ಸರ್ವರ್’ ಎಂಬಂಥ ಒಳಗಿನ ಹೆಸರಿಗೆ ಹೊರಗಿನ ಸಂಸ್ಥೆಗಳು 2015ರ ನವೆಂಬರ್‌ನಿಂದ ಸರ್ಟಿಫಿಕೇಟ್ ಕೊಡುವಂತಿಲ್ಲ. ಅದಕ್ಕೆ ಕಂಪನಿಯ ಸ್ವಂತ ರೂಟ್ ಬೇಕು, ಇಲ್ಲವೇ ನಿಮ್ಮ ಡೊಮೇನ್‌ನ ಕೆಳಗೆ ಒಂದು ಹೆಸರು ಮಾಡಿಕೊಂಡು ಡಿಎನ್‌ಎಸ್ (ಡೊಮೇನ್ ಹೆಸರಿನ ದಾಖಲೆ) ಮೂಲಕ ಮಾಲೀಕತ್ವ ತೋರಿಸಿ ಪಡೆಯಬೇಕು. ಎರಡನೆಯದಾದರೆ ರೂಟ್ ಹಂಚುವ ತಲೆನೋವಿಲ್ಲ, ನಾನು ಅದನ್ನೇ ಹೇಳುವುದು. ಸ್ವಂತವಾಗಿ ತಯಾರಿಸುವವರು ಪರ್ಯಾಯ ಹೆಸರುಗಳ ಕಾಲಂ ತುಂಬುವುದನ್ನು ಮರೆಯಬಾರದು. 2017ರ ಕ್ರೋಮ್ 58ರಿಂದ ಕಾಮನ್ ನೇಮ್ ಒಂದನ್ನೇ ನೋಡಿ ಒಪ್ಪುವ ಪದ್ಧತಿ ನಿಂತಿದೆ.

ನೀವು ಇವತ್ತು ಮಾಡಬೇಕಾದ್ದು ಇಷ್ಟು. ಹಾಟ್‌ಸ್ಪಾಟ್‌ನಿಂದ ಎಸ್-ಕ್ಲೈಂಟ್ ಓಡಿಸಿ, ಬಂದದ್ದನ್ನು ವೆಂಡರ್‌ಗೆ ಕಳಿಸಿ ‘ಒಂದನೇ ಸಾಲು ಎಲ್ಲಿ?’ ಎಂದು ಕೇಳಿ. ಅವರು ಸರಿಮಾಡಿದೆವು ಎಂದ ಮೇಲೆ ಕ್ರೋಮ್ ತೆರೆದು ನೋಡಬೇಡಿ, ಆ್ಯಪ್‌ನಲ್ಲಿ ಲಾಗಿನ್ ಆಗಿ ನೋಡಿ. ಅಕೌಂಟ್ಸ್‌ನ ಪಿಸಿಗಳಲ್ಲಿ ಆಗಲೂ ಕೆಂಪು ಪುಟ ಬಂದರೆ, ಆ ಸಣ್ಣ ಅಕ್ಷರದ ಕೋಡನ್ನೂ ಸರ್ಟಿಫಿಕೇಟ್ ಕೊಟ್ಟವರ ಹೆಸರನ್ನೂ ನನಗೆ ಬರೆದು ಕಳಿಸಿ.